ಕಿವಿ ಇರುವ ಪದಗಳು

ನೆಲ್ಸನ್ ಊರಿನ ಲೈಬ್ರರಿ. ಮಂಗಳವಾರ, ಹತ್ತೂವರೆ.
ಹೀಟರಿನ ಪಕ್ಕದ ಮೇಜಿಗೆ ಮೊಣಕೈ ಊರಿ
ಮರ್ಟಲ್ ಆರ್ಮರಾಡ್, ಎಂಬತ್ತಾರು.
ಎದುರಿಗೆ ಸೆಮ್ಹಾರ್, ಎರಿಟ್ರಿಯಾದವಳು,
ಬೇಕರಿಯ ರಾತ್ರಿಪಾಳಿ ಮುಗಿಸಿ ನೇರ ಬಂದವಳು,
ಉಗುರ ಸಂದಿಯಲ್ಲಿ ಇನ್ನೂ ಹಿಟ್ಟು.

"ಇವತ್ತು ಕಿವಿ," ಅಂದಳು ಮುದುಕಿ.
"ಇ, ಎ, ಆರ್. ಮೂರೇ ಅಕ್ಷರ.
ಯಾವ ಯಾವ ಪದದೊಳಗೆ ಅಡಗಿ ಕೂತಿದೆ, ಹುಡುಕು."

ಹುಡುಕು ಎನ್ನುವ ಸರ್ಚಿನಲ್ಲೇ ಇತ್ತು.
ಕಲಿ ಎನ್ನುವ ಲರ್ನಿನಲ್ಲಿ.
ಹಿಯರಿನಲ್ಲಂತೂ ಇರಲೇಬೇಕು,
ಮುಂದೊಂದು ಉಸಿರಿಟ್ಟರೆ ಕಿವಿಯೇ ಕೇಳುವುದಾಗುತ್ತದೆ.
ಗಡ್ಡದಲ್ಲಿತ್ತು, ಈಟಿಯಲ್ಲಿತ್ತು, ಮುತ್ತಿನಲ್ಲಿ, ಮಣ್ಣಿನಲ್ಲಿ,
ದಣಿದೆ ಎನ್ನುವುದರಲ್ಲಿ.
ಹೆಣ ಸಾಗಿಸುವ ಗಾಡಿಯಲ್ಲೂ ಇತ್ತು,
ಒಳಗೆ ಮಲಗಿದವನಿಗೆ ಇನ್ನು ಬೇಡವಾದ ಕಿವಿ.
ಹೃದಯದಲ್ಲಿದೆ! ಎಂದು ಸೆಮ್ಹಾರ್ ಮೇಜು ಕುಟ್ಟಿದಳು.
"ಎಲ್ಲರೂ ಅದನ್ನೇ ಮೊದಲು ಹಿಡಿಯುತ್ತಾರೆ,"
ಮರ್ಟಲ್ ಚೀಟಿಯನ್ನು ಪಕ್ಕಕ್ಕಿಟ್ಟಳು.

ಬರಹ ಒಂದೇ, ಬಾಯಿ ಮಾತ್ರ ಸಲಕ್ಕೊಂದು ದಿಕ್ಕಿಗೆ:
ಇಯರ್, ಏರ್, ಅರ್, ಆರ್.
ಸೆಮ್ಹಾರಳ ಟಿಗ್ರಿನ್ಯಾಕ್ಕೂ ಕಾಗುಣಿತದಂಥದ್ದೇ ಒಂದು ಇದೆ,
ಅಕ್ಷರಕ್ಕೆ ಏಳು ರೂಪ;
ಬರೆದ ಹಾಗೆ ಓದುವ ಜನ.
"ಇದು ಯಾಕೆ ಹೀಗೆ?" ಕೇಳಿದಳು.
"ನನಗೇನು ಗೊತ್ತು? ಕೇಳಿಸಿಯೇ ಅರವತ್ತು ವರ್ಷ."

ಹದಿನೈದಕ್ಕೆ ಮಿಲ್ಲು. ಆರು ಮಗ್ಗ ಅವಳ ಪಾಲಿಗೆ,
ಶೆಡ್ಡಿನಲ್ಲಿ ಎಂಟುನೂರು.
ಲಾಳಿಗಳು ಹಗಲೆಲ್ಲ ಬಡಿದುಕೊಳ್ಳುವ ಆ ಗದ್ದಲದಲ್ಲಿ
ಯಾರೂ ಮಾತಾಡುತ್ತಿರಲಿಲ್ಲ, ತುಟಿಯಲ್ಲಿ ಬರೆಯುತ್ತಿದ್ದರು,
ದಪ್ಪ ಅಕ್ಷರಗಳಲ್ಲಿ, ಇಡೀ ಮುಖದಿಂದ:
ಯಾರಿಗೆ ಮದುವೆ, ಯಾರಿಗೆ ಬಸಿರು,
ಮೇಸ್ತ್ರಿ ಎಂಥ ಕತ್ತೆ.
ಮೂವತ್ತಡಿ ಆಚೆಗೂ ಮುಟ್ಟುತ್ತಿತ್ತು, ಒಂದು ಸದ್ದಿಲ್ಲದೆ.
ಕಿವಿ ಹೋದದ್ದು ಹಾಗಾಗಿ ಅವಳಿಗೆ ತಿಳಿಯಲೇ ಇಲ್ಲ.
ಒಂದು ಭಾನುವಾರ ತಲೆಯೆತ್ತಿದರೆ
ಚರ್ಚಿನ ಗಂಟೆ ಸುಮ್ಮನೆ ತೂಗುತ್ತಿತ್ತು.

ಹೋದ ವಾರ ಸೆಮ್ಹಾರ್ ಹೇಳಿದ್ದಳು,
ಮಾರ್ಕೆಟ್ಟಿನಲ್ಲಿ ಮೂರು ಪೇರ್ ಕೊಂಡೆ,
ಒಂದನ್ನು ಬಸ್ಸಿನಲ್ಲೇ ತಿಂದೆ.
ಮರ್ಟಲಳ ಹುಬ್ಬು ನೆತ್ತಿಗೇರಿತ್ತು.
ತುಟಿಗೆ ಪಕಾರವೂ ಬಕಾರವೂ ಒಂದೇ;
ಹಣ್ಣು ಕರಡಿಯಾಗಿ ಟಿಕೆಟ್ಟಿಲ್ಲದೆ ಬಸ್ಸು ಹತ್ತಿತ್ತು.
ನಗು ತಾಳದೆ ಲೈಬ್ರರಿಯವನು ಎದ್ದು ಬಂದು
ತುಟಿಯ ಮೇಲೆ ಬೆರಳಿಟ್ಟ.
"ಇವನ ಉಚ್ಚಾರ ಸ್ಪಷ್ಟ," ಅಂದಿದ್ದಳು ಮರ್ಟಲ್.

ಈಗ ಸೆಮ್ಹಾರ್ ಕಿವಿಯ ಮುಂದೆ ಒಂದು ಟಿ ಅಂಟಿಸಿ
"ಕಣ್ಣೀರು," ಅಂದಳು.
"ಬಟ್ಟೆ ಹರಿಯುವುದು," ಅಂದಳು ಮರ್ಟಲ್.
"ಹರಿದರೆ ಆರು ಪೆನ್ಸ್ ಹಿಡಿಯುತ್ತಿದ್ದರು.
ಎರಡೂ ಸರಿ ಬಿಡು. ನಮ್ಮಲ್ಲಿ ಒಂದರ ಹಿಂದೆ ಒಂದು ಬರುತ್ತಿತ್ತು."
ಪಕ್ಕದ ಮೇಜಿನಲ್ಲಿ ಪೇಪರು ಹಿಡಿದು
ಇತ್ತಲೇ ಕಿವಿಯಿಟ್ಟಿದ್ದ ನನಗೆ ಮೈ ಜುಮ್ಮೆಂದಿತು:
ನಮ್ಮಲ್ಲೂ ಎರಡೂ ಹರಿಯುವುದೇ ಅಲ್ಲವೇ,
ಕಣ್ಣೀರೂ, ಬಟ್ಟೆಯೂ.
ಹೇಳಲಿಲ್ಲ. ಕದ್ದು ಕೇಳಿದವನಿಗೆ ಬಾಯಿ ಎಲ್ಲಿಯದು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ
ಸೆಮ್ಹಾರ್ ತಾನಾಗಿ ಒಂದು ಬರೆದು ಕೈಯಲ್ಲಿ ಮುಚ್ಚಿಕೊಂಡಳು.
ಬರೆಯಬಾರದಿತ್ತೇನೋ ಎನ್ನುವ ಮುಖ.
ಮುದುಕಿ ಆ ಹಿಟ್ಟಿನ ಬೆರಳುಗಳನ್ನು
ಒಂದೊಂದಾಗಿ ಬಿಡಿಸಿ ನೋಡಿದಳು:
ಡಿ, ಇ, ಎ, ಎಫ್.
ಕಿವುಡು.
ಇ ಬಂದಿದೆ, ಎ ಬಂದಿದೆ,
ಮೂರನೆಯವನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದಾರೆ.

"ಒಂದೇ ಅಕ್ಷರ ಕಡಿಮೆಯೇ!"
ಎಷ್ಟು ಜೋರು ಎಂದು ಅವಳಿಗೆ ತಿಳಿಯದು,
ಅಟ್ಟದ ಪುಸ್ತಕಗಳಿಗೂ ಕೇಳಿಸಿತು.
"ನಾನು ಪೂರ್ತಿ ಹೋಯಿತು ಅಂದುಕೊಂಡಿದ್ದೆ."

ಸೆಮ್ಹಾರ್ ಕೋಟು ಹಾಕಿಕೊಂಡು ಹೊರಗೆ ಹೋದಳು.
ಬೀದಿಯಲ್ಲಿ ನಿಂತು, ಗಾಜಿನ ಆಚೆಯಿಂದ,
ದಪ್ಪ ಅಕ್ಷರಗಳಲ್ಲಿ, ಇಡೀ ಮುಖದಿಂದ
ತುಟಿಯಲ್ಲಿ ಏನೋ ಬರೆದಳು.
ನನಗೆ ಕೇಳಿಸಲಿಲ್ಲ.
ಮರ್ಟಲ್ ಮಾತ್ರ ತಲೆಯಾಡಿಸಿ,
"ಆಯ್ತು, ಮೂರು ತಾ," ಅಂದಳು, "ಕರಡಿ ಬೇಡ."