ಗುಂಡಿ ಬಿಟ್ಟರೆ

ತೀನ್ ಕಂದೀಲಿನ ಅಂಗಡಿಯವ ಹೇಳಿದ:
ಐದು ಕಿಲೋಮೀಟರ್ ಗ್ಯಾರಂಟಿ, ಅಕ್ಕ.
ನೆಲದ ಮ್ಯಾಲೋ, ನೀರಿನ ಮ್ಯಾಲೋ? ಅಂದೆ.
ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದ.

ಹಳದಿಯದು ಚಂದಿತ್ತು. ಚಾರ್ಜು ಬೇಕಂತೆ.
ಡ್ಯಾಮಿನ ಗೇಟು ಎತ್ತಿದ ದಿನ
ನಮ್ಮ ಗಡ್ಡಿಯಲ್ಲಿ ಮೊದಲು ಹೋಗುವುದೇ ಕರೆಂಟು.
ಸೆಲ್ಲು ಹಾಕುವ ಕರಿಯದೇ ತಂದೆ, ಜೋಡಿ.

ಒಂದನ್ನು ಹರಗೋಲಿನ ಲಾಲಸಾಬನ ಕೈಲಿ
ಆಚೆ ದಂಡೆಯ ತಂಗಿ ಅಮರಮ್ಮಗೆ ಕಳಿಸಿದೆ.
ಅವ್ವನ ಬುಗುಡಿ ಒಂದೊಂದು ಹಂಚಿಕೊಂಡು
ಮೂರು ವರ್ಷ ಮಾತು ಬಿಟ್ಟವಳು.

ಗುಂಡಿ ಒತ್ತಿದರೆ ನಾನು, ಬಿಟ್ಟರೆ ಅವಳು.
ಇಬ್ಬರೂ ಒತ್ತಿದರೆ ಬರೇ ಗರಗರ.
ಆವತ್ತು ನಾವು ಆಡಿದ್ದೂ ಅದೇ.

ಸಂಜೆ ಹಚ್ಚಿದೆ: ಕೇಳಸ್ತದೇನು?
ಕೃಷ್ಣೆಯ ಮ್ಯಾಲಿನ ಗಾಳಿ.
ಆಮೇಲೆ ಒಂದು ಕೆಮ್ಮು,
ಥೇಟ್ ಅವ್ವನದು.

ಹೆಬ್ಬೆರಳು ದೂರ ಹಿಡಿದು ಕೂತೆ.