ಎರಡು ಚೌಕ

ಟೀಸ್ ನದಿಯ ಆಚೆ ದಡದಲ್ಲಿ
ರಾತ್ರಿಯೆಲ್ಲ ಒಂದು ಜ್ವಾಲೆ.
ಬಿಲ್ಲಿಂಗ್‌ಹ್ಯಾಮಿನ ಮಕ್ಕಳು ನಾವು
ಚಂದ್ರನಿಗಿಂತ ಮೊದಲು ಬೊಟ್ಟು ಮಾಡಿದ್ದು ಅದಕ್ಕೇ.

ಅಪ್ಪ ಅಲ್ಲಿ ಅಮೋನಿಯಾ ಕಾಯುತ್ತಾನೆ, ಪಾಳಿಯ ಮೇಲೆ ಪಾಳಿ.
"ಕೊಳವೆ ಸುಳ್ಳು ಹೇಳಲ್ಲ ಮರಿ,
ಒತ್ತಡ ಇಷ್ಟು, ಶಾಖ ಇಷ್ಟು, ಬರೋದು ಇಷ್ಟೇ.
ಕೆಮಿಕಲ್ ತಗೋ, ಎಲ್ಲಾದರೂ ನುಗ್ಗಬಹುದು.
ಮುಂದುಗಡೆ ಬಯೋ ಅಂತ ಕೊಂಬು ಕಟ್ಟಿಕೊಂಡರೆ
ಬಾಗಿಲು ಕಿರಿದಾಗುತ್ತೆ."

ಲೆಕ್ಕ ಹಾಕಿದೆ, ಪೆನ್ಸಿಲಿನಲ್ಲಿ:
ಎರಡು ವರ್ಷ ಒಂದೇ ಪಾಠ, ಅದೇ ಉಷ್ಣ, ಅದೇ ಹರಿವು,
ಮೂರನೆಯದಕ್ಕೆ ದಾರಿ ಕವಲು.
ಸಂಬಳದ ಸಾಲಿನಲ್ಲಿ ಅಪ್ಪನೇ ಸರಿ.

ಆದರೆ ಕಾಲೇಜು ನೋಡಲು ಹೋದ ಶನಿವಾರ
ಡೋರೀನ್ ಎಂಬ ಲ್ಯಾಬಿನಾಕೆ
ಕೊಡದಷ್ಟು ದೊಡ್ಡ ಗಾಜಿನ ಪಾತ್ರೆಗೆ ಕಿವಿಯಿಟ್ಟು
"ನಿನ್ನೆಯಿಂದ ಇವು ಸರಿಯಾಗಿ ತಿಂದಿಲ್ಲ" ಅಂದಳು.
ಯೀಸ್ಟು. ಕೆಸರುಬಣ್ಣ. ಒಂದು ಗುಳ್ಳೆಯೂ ಇಲ್ಲ.
ಉಳಿದವರು ಮುಂದಿನ ಕೋಣೆಗೆ ಹೋದರು,
ಅಲ್ಲಿ ಬಿಸ್ಕತ್ತಿತ್ತು.

ಇವತ್ತು ಮಂಗಳವಾರ. ಸಂಜೆ ಆರಕ್ಕೆ ಗಡುವು.
ಫಾರಮ್ಮಿನಲ್ಲಿ ಎರಡು ಚೌಕ, ಎರಡೂ ಖಾಲಿ.
ರಾತ್ರಿಪಾಳಿ ಮುಗಿಸಿ ಅಪ್ಪ ಮಲಗಿದ್ದಾನೆ,
ಬಾಗಿಲ ಹಿಂದೆ ಅವನ ಕೋಟಿನ ಘಾಟು ಮಾತ್ರ
ಎಚ್ಚರವಾಗಿದೆ.

ಡೋರೀನಳಿಗೆ ಒಂದು ಸಾಲು ಬರೆದೆ.
ಇಂಗ್ಲಿಷಿನಲ್ಲಿ ಹೀಗೆ ಯಾರೂ ವಿಚಾರಿಸುವುದಿಲ್ಲ,
ನಮ್ಮಲ್ಲಿ ಎದುರು ಸಿಕ್ಕವರನ್ನೆಲ್ಲ ಕೇಳುತ್ತೇವೆ:
ಅವಕ್ಕೆ
ಊಟ ಆಯ್ತಾ?