ಅಲುಗದ ನೆಲ

ಕಾಲ ಕೆಳಗಿನ ನೆಲ ಅಲುಗಿದರೆ
ಹೆದರುವವರು ನೀವು, ನಾನು.
ನೆಲಿದಾ ಸುವಾನ್ಯ ಹೆದರಿದ್ದು
ಅದು ಅಲುಗದೆ ಹೋದಾಗ.

ಪೆರು ದೇಶದ ಪೂನೋ, ಹಾಸ್ಟೆಲಿನ ಮೂರನೇ ಮಹಡಿ,
ಏಪ್ರಿಲ್ಲಿನ ಮೊದಲ ರಾತ್ರಿ.
ಬೆನ್ನಿಗೆ ಒತ್ತುತ್ತದೆ ಸಿಮೆಂಟು
ಉಸಿರಾಡದ ಪ್ರಾಣಿಯ ಹಾಗೆ.
ಹದಿನೆಂಟು ವರ್ಷ ಅವಳು ಮಲಗಿದ್ದು ಜೊಂಡಿನ ಮೇಲೆ,
ಜೊಂಡು ಮಲಗಿದ್ದು ಸರೋವರದ ಮೇಲೆ;
ದೂರದಲ್ಲಿ ಯಾರದೋ ದೋಣಿ ಹಾದರೂ
ನಿದ್ದೆಯಲ್ಲೇ ತಿಳಿಯುತ್ತಿತ್ತು ಪಕ್ಕೆಗೆ.
ಇಲ್ಲಿ ಲಾರಿಯೇ ಹೋದರೂ
ನೆಲ ಬಾಯಿ ಬಿಡುವುದಿಲ್ಲ.

(ಅವಳ ಹೆಸರಲ್ಲೇ ನೆಲವಿದೆಯಲ್ಲ
ಅನ್ನುತ್ತದೆ ನನ್ನ ಕನ್ನಡದ ಕಿವಿ.
ಅವಳಿಗದು ಗೊತ್ತಿಲ್ಲ.
ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.)

ಹಾಜರಿ ಪಟ್ಟಿಯಲ್ಲಿ ಅವಳದು ಕೊನೆಯ ಹಾಳೆ.
ಅಪಾಸಾ, ಚೋಕೆ, ಇಯಾಕುಟಿಪಾ, ಪಿಲ್ಕೊ...
ಹೆಸರುಗಳು ಒಂದೊಂದೇ ಬಾಗಿಲು ಬಡಿಯುತ್ತ ಬರುತ್ತವೆ,
ತನ್ನ ಬಾಗಿಲಿಗೆ ಬರುವಷ್ಟರಲ್ಲಿ
ಗಂಟಲು ಒಳಗಿಂದ ಚಿಲಕ ಹಾಕಿಕೊಂಡಿರುತ್ತದೆ.
ಮೊದಲ ವಾರವೇ ಮೂರು ಗೈರುಹಾಜರಿ,
ಮೂರನೇ ಬೆಂಚಿನಲ್ಲಿ ಕೂತೇ.

ಊಟದ ಚೀಟಿಗೆ ನಸುಕಿನ ಐದಕ್ಕೆ ಸಾಲು.
ಸಾಲು ಎಲ್ಲಿ ಶುರು ಎಂದು ಕೇಳಲು ನಾಚಿ
ಎರಡು ದಿನ ನಿಂತದ್ದು
ಬಸ್ಸಿಗೆ ಕಾಯುವವರ ಹಿಂದೆ.

ಗಣಿತದ ಟಿಕೋನಾ ಮೇಷ್ಟ್ರ ಸ್ಪ್ಯಾನಿಷ್
ಇಳಿಜಾರಿನಲ್ಲಿ ಬ್ರೇಕಿಲ್ಲದ ಸೈಕಲ್ಲು.
ಮನೆಯ ಐಮಾರಾದಲ್ಲಿ ಒಂದು ಸಾಲು ಅರ್ಥವಾಗುವಷ್ಟರಲ್ಲಿ
ಬೋರ್ಡು ಒರೆಸಿ ಆಗಿರುತ್ತದೆ.
ಮೊದಲ ಪರೀಕ್ಷೆ: ಇಪ್ಪತ್ತಕ್ಕೆ ಏಳು.
ಕೆಂಪು ಶಾಯಿಯಲ್ಲಿ, 07 ಎಂದು.
ಏಳು ಸರಿ.
ಅದರ ಮುಂದೊಂದು ಸೊನ್ನೆ
ಯಾಕೆ ಬರೆಯಬೇಕಿತ್ತು?

ಕೋಣೆಯ ಜೊತೆಗಾತಿ ಎಡಿತ್ ಕೋಂಡೋರಿ,
ಚಿನ್ನದ ಗಣಿಯ ಊರವಳು,
ದೀಪ ಆರಿಸಿದರೆ ಎದ್ದು ಕೂರುತ್ತಾಳೆ.
ದೀಪ ಉರಿದರೆ ನೆಲಿದಾಗೆ ನಿದ್ದೆಯಿಲ್ಲ.
ಹತ್ತನೇ ರಾತ್ರಿ ಮಾತಿಗೆ ಮಾತು ಬೆಳೆದು
ನೆಲಿದಾ ಅಂದಳು:
'ನಮ್ಮಲ್ಲಿ ಜಗಳ ಬಗೆಹರಿಯದಿದ್ದರೆ
ಗರಗಸ ತರುತ್ತೇವೆ.
ದ್ವೀಪವನ್ನೇ ಎರಡಾಗಿ ಕೊಯ್ದು
ಅವರವರ ಪಾಲು ತೇಲಿಸಿಕೊಂಡು ಹೋಗುತ್ತೇವೆ.'
ಎಡಿತ್ ಗೋಡೆ ನೋಡಿದಳು, ಕೆಳಗೆ ಸಿಮೆಂಟು ನೋಡಿದಳು.
'ಕೊಯ್ಯಿ, ನೋಡೋಣ.'
ವಾರ್ಡನ್ ಬಂದು ಬಾಗಿಲು ಗುದ್ದುವವರೆಗೂ
ನಗು ನಿಲ್ಲಲಿಲ್ಲ ಇಬ್ಬರದೂ.
ಆಮೇಲೆ ಎಡಿತ್ ಅಪ್ಪನ ಹೆಲ್ಮೆಟ್ಟಿನ ದೀಪ
ಗೋಡೆಯ ಕಡೆ ತಿರುಗಿಸಿಟ್ಟಳು.
ಅಷ್ಟೇ ಬೆಳಕಿನಲ್ಲಿ, ಅಷ್ಟೇ ಕತ್ತಲಲ್ಲಿ
ಲೆಕ್ಕ ಬಿಡಿಸಲು ಕೂತರು, ಒಂದೇ ಕಂಬಳಿ ಹೊದ್ದು.

ಜೂನಿನಲ್ಲಿ ಒಂದು ಭಾನುವಾರ ಊರಿಗೆ ಹೋದರೆ
ದೋಣಿಯಿಂದ ಇಳಿದವಳೇ ಜೋಲಿ ತಪ್ಪಿದಳು.
'ಪ್ರವಾಸಿಗರ ಹಾಗೆ ನಡೀತೀಯಲ್ಲೇ!'
ಅಮ್ಮ ಹೊಟ್ಟೆ ಹಿಡಿದು ನಕ್ಕಳು.
ನೆಲಿದಾಗೆ ನಗು ಬರಲಿಲ್ಲ.
ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ
ಎರಡು ಕಾಲೂ ಯಾರದೋ.
ಅಮ್ಮ ಹಸಿ ಜೊಂಡು ಹರವುತ್ತಿದ್ದಳು.
'ಹೋದ ತಿಂಗಳು ತಾನೇ ಹಾಸಿದ್ದೆ?'
'ಕೆಳಗಿಂದು ಕೊಳೀತಾನೇ ಇರುತ್ತೆ.
ಮೇಲೆ ಹಾಸ್ತಾನೇ ಇರಬೇಕು.'
ಅಮ್ಮ ಹೇಳಿದ್ದು ಜೊಂಡಿನ ವಿಷಯ,
ಬೇರೆ ಯಾವುದೂ ಅಲ್ಲ.

ಕಡೆಯ ಪರೀಕ್ಷೆಯ ಹಿಂದಿನ ರಾತ್ರಿ
ಎರಡೂ ಮುಕ್ಕಾಲಿಗೆ ನೆಲ ನಡುಗಿತು.
ಸಣ್ಣದೇ. ಲೋಟಗಳು ಉರುಳಿದವು,
ಗೋಡೆಯಲ್ಲಿ ಕೂದಲೆಳೆಯ ಬಿರುಕು.
ಬರಿಗಾಲಲ್ಲಿ ಅಂಗಳಕ್ಕೆ ಓಡಿತು ಹಾಸ್ಟೆಲು.
ಹಲ್ಲು ಕಟಗುಟ್ಟುವ ಚಳಿಯಲ್ಲಿ
ಪಟ್ಟಿ ಹಿಡಿದು ಕೂಗಿದರು ವಾರ್ಡನ್.
ಸುವಾನ್ಯ?
ಸದ್ದಿಲ್ಲ.
ಸುವಾನ್ಯ!
'ಹಾಜರ್' ಎಂದಳು ಎಡಿತ್, ಮೂಗು ಬಿಗಿದುಕೊಂಡು,
ಹೇಳುತ್ತಲೇ ಮೆಟ್ಟಿಲ ಕಡೆಗೆ ಓಡುತ್ತ.

ಮೂರನೇ ಮಹಡಿಯಲ್ಲಿ ನೆಲಿದಾ
ಪಕ್ಕೆ ನೆಲಕ್ಕಾನಿಸಿ, ಬಾಯಿ ತೆರೆದು,
ನಾಲ್ಕು ತಿಂಗಳ ನಿದ್ದೆಯನ್ನು
ಒಟ್ಟಿಗೆ ಮಾಡುತ್ತಿದ್ದಳು.

ಫಲಿತಾಂಶ ಗೋಡೆಗೆ ಅಂಟಿಸಿದ್ದು ಆಗಸ್ಟಿನಲ್ಲಿ.
ಹನ್ನೊಂದು ಬಂದರೆ ಪಾಸು.
ಕೊನೆಯ ಹಾಳೆ, ಕೆಳಗಿಂದ ಎರಡನೇ ಸಾಲು:
ಹನ್ನೆರಡು.
ಮುಂದೆ ಸೊನ್ನೆ ಬರೆಯಲು
ಜಾಗವಿರಲಿಲ್ಲ.